ಗಾದಿಯ ಹೆಸರಿನಲ್ಲಿ ಕೌದಿ

ನನ್ನ ಅತ್ತೆಗೆ ಕೆಲಸವಿಲ್ಲದೆ ಕೂತರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ನಾನು ಸುರಪುರದಿಂದ ಸೊಸೆಯಾಗಿ ಶಹಾಪುರಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ಅವರು ಪಡಸಾಲೆಯ ತುಂಬ ಹಳೆಯ ಸೀರೆ ಹರವಿಕೊಂಡು ಕೌದಿ ಹೊಲಿಯುತ್ತಿದ್ದರು. ಊಟಕ್ಕೆ ಕರೆದರೆ "ಈ ಸಾಲು ಮುಗೀಲಿ, ತಡಿ" ಎನ್ನುತ್ತಿದ್ದರು. ಆ ಸಾಲು ಮುಗಿಯುವ ಹೊತ್ತಿಗೆ ಸಾರು ಆರಿ, ನನ್ನ ಸಿಟ್ಟು ಏರಿರುತ್ತಿತ್ತು. ಸುರಪುರದವರಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಗಂಡನ ಮನೆಯಲ್ಲಿ ಹೆಸರು ಬಂದದ್ದು ಹಾಗೆ.

ಕೌದಿಗೆ ನಮ್ಮ ಕಡೆ ಒಂದು ರೀತಿ ಇದೆ. ಅದರ ಬಟ್ಟೆ ಹೊಲಿಯುವವರದಲ್ಲ, ಹೊದೆಯುವವರದು. ಬೇಕಾದ ಮನೆಯವರು ತಮ್ಮದೇ ಹಳೆಯ ಸೀರೆ, ಧೋತರಗಳನ್ನು ಗಂಟು ಕಟ್ಟಿ ತಂದು, ಒಂದು ಕೌದಿ ಹೊಲಿದುಕೊಡಿ ಎಂದು ಬಾಯಿಬಿಟ್ಟು ಕೇಳಬೇಕು. ಕೇಳುವವರಿಲ್ಲದೆ ಹೊಲಿದಿಟ್ಟು ಮಾರುವುದು ಅತ್ತೆಗೆ ಒಗ್ಗದ ಮಾತು. ಈಚೀಚೆಗೆ ಓಣಿಯವರೆಲ್ಲ ಅಂಗಡಿಯ ಹಗುರ ರಗ್ಗಿಗೆ ಮರುಳಾದರು. ಹಿತ್ತಲ ಗಿಡ ಮದ್ದಲ್ಲ ನೋಡಿ. ಗಂಟು ಬರುವುದು ನಿಂತೇಹೋಯಿತು.

ಅತ್ತೆ ಸ್ವಚ್ಛ ಮಾಡಿಟ್ಟ ತೊಗರಿಬೇಳೆಯನ್ನೇ ಮತ್ತೆ ಮೊರಕ್ಕೆ ಸುರುವಿಕೊಂಡು ಕೇರುತ್ತಿದ್ದರು. ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ ಮುಖ ನೋಡುವ ಮೊದಲು ಅವರ ಕೈ ನೋಡುತ್ತಿದ್ದರು, ಗಂಟು ಇದೆಯೇ ಎಂದು. ಅದನ್ನು ಕಂಡು ನನಗೆ ಸಂಕಟವಾಗುತ್ತಿತ್ತು. ಓಣಿಯವರು ತರದಿದ್ದರೆ ಹೊರಗಿನವರು ತರಲಿ, ಒಂದು ವೆಬ್‌ಸೈಟ್ ಮಾಡೇಬಿಡುತ್ತೇನೆ ಎಂದು ಹಟಕ್ಕೆ ಬಿದ್ದೆ. ನನಗೆ ಭೀಮರಾಯನಗುಡಿಯಲ್ಲಿ ಕಚೇರಿ ಕೆಲಸ. ಕಂಪ್ಯೂಟರ್ ಎಂದರೆ ಅಲ್ಲಿಯ ಪತ್ರಗಳನ್ನು ಟೈಪ್ ಮಾಡುವಷ್ಟು ಗೊತ್ತಿತ್ತು.

ರಜೆಯ ದಿನ ಯಾದಗಿರಿಗೆ ಹೋದೆ. ಅಲ್ಲಿ ವೆಬ್‌ಸೈಟ್ ಮಾಡಿಕೊಡುವ ಅಂಗಡಿಯವರೊಬ್ಬರಿದ್ದರು, ನನ್ನದೇ ವಯಸ್ಸಿನವರು. ಎಲ್ಲ ಕೇಳಿಸಿಕೊಂಡು ಬಿಡಿಸಿ ಹೇಳಿದರು.

"ಅಕ್ಕಾರ, ಮೊದಲ ಹೆಸರು ಬೇಕ್ರಿ. ಅದಕ್ಕ ಡೊಮೇನ್ ಅಂತೀವಿ. ಯಾರೂ ಮುಟ್ಟದ ಹೊಸಾದು ತಗೋಬಹುದು. ಇಲ್ಲಾ, ಯಾರರ ನಡಿಸಿ, ಅವಧಿ ಮುಗದ ಮ್ಯಾಲ ಬಿಟ್ಟುಕೊಟ್ಟ ಹಳೇದು ತಗೋಬಹುದು. ಹಳೇದಕ್ಕ ಗೂಗಲ್‌ದಾಗ ಗುರ್ತು ಇರತೈತ್ರಿ. ಬ್ಯಾರೆ ಸೈಟಿನವರು ಅದಕ್ಕ ಲಿಂಕ್ ಕೊಟ್ಟಿರ್ತಾರ. ಹುಡುಕೋರಿಗೆ ಜಲ್ದಿ ಕಾಣಬಹುದು."

"ಹೊಸಾದಕ್ಕ?"

"ಹೊಸಾದಕ್ಕ ಸಬರ್ ಬೇಕ್ರಿ. ತಿಂಗಳಾನಗಟ್ಟಲೆ ಯಾರೂ ಹಣಿಕಿ ಹಾಕಂಗಿಲ್ಲ. ಆದ್ರ ಹಳೇದು ತಗೊಳ್ಳೂದಾದ್ರ ಮೊದಲ ಅದರಾಗ ಏನೇನು ನಡದಿತ್ತು ಪೂರಾ ನೋಡ್ಕೋಬೇಕ್ರಿ. ಇಂಟರ್ನೆಟ್‌ದಾಗ ಹಳೇ ಪುಟಗಳ ನಕಲು ಇಟ್ಟಿರೋ ಜಾಗ ಐತಿ, ತೋರಸ್ತೀನಿ."

ಸಬರ್, ಅಂದರೆ ತಾಳ್ಮೆ, ಎಂಬ ಮಾತು ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಮೇಲಾಗಿ ನಾನು ಕೌದಿಯ ಮನೆಯವಳು. ಕೌದಿಗೆ ಹೊಸ ಬಟ್ಟೆ ಬರುವುದಿಲ್ಲ. ಗಂಜಿಯ ಬಿಗುವಿರುತ್ತದೆ, ಸೂಜಿ ಓಡುವುದಿಲ್ಲ, ಮೈಗೆ ಚುಚ್ಚುತ್ತದೆ. ಉಟ್ಟು ಒಗೆದು ಮೆತ್ತಗಾದದ್ದೇ ಬೇಕು. ಹೆಸರಿಗೂ ಅದೇ ನ್ಯಾಯ ಎಂದುಕೊಂಡೆ. ಸಿಕ್ಕ ಹಳೆಯ ಹೆಸರುಗಳಲ್ಲಿ ಒಂದು ಗಾದಿ, ದಿಂಬು ಮಾರುವ ಅಂಗಡಿಯದಾಗಿತ್ತು. ಗಾದಿಯೂ ಹಾಸಿಗೆ, ಕೌದಿಯೂ ಹಾಸಿಗೆ, ಇದಕ್ಕಿಂತ ಹತ್ತಿರದ ಸಂಬಂಧ ಎಲ್ಲಿ ಸಿಗಬೇಕು? ಅದರ ಹಳೆಯ ಪುಟಗಳಲ್ಲಿ ಮೊದಲಿನದೊಂದನ್ನು ನೋಡಿ, ಹೂವಿನ ಚಿತ್ರದ ದಿಂಬು ಕಂಡು ಖುಷಿಯಾಗಿ, ಇದೇ ಇರಲಿ ಎಂದುಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆ ಗಂಡಸರಿಗೆ ಮಾತ್ರವಲ್ಲ.

ಸೈಟ್ ತೆರೆದುಕೊಂಡಿತು. ಅತ್ತೆಯ ಹಳೆಯ ಕೌದಿಗಳ ಚಿತ್ರ ಹಾಕಿ, ಕೆಳಗೆ ನನ್ನ ಫೋನ್ ನಂಬರು ಕೊಟ್ಟೆ. ಜನ ಬರುವುದಕ್ಕೆ ತಡವಾಗಲಿಲ್ಲ. ಮೊದಲ ಫೋನ್ ಬಂದಾಗ ಅತ್ತೆ ಮೊರ ಬದಿಗಿಟ್ಟು ಎದ್ದೇ ನಿಂತರು.

"ಗಂಟಿನವರೇನ?"

ಗುರುಮಠಕಲ್ ದಾಟಿ ಆಚೆಯ ಊರಿನ ಗಂಡಸು. ತೆಲುಗು ಬೆರೆಸಿದ ಹಿಂದಿಯಲ್ಲಿ ಬೈಯುತ್ತಿದ್ದ. ಮಗಳ ಮದುವೆಗೆ ಹೇಳಿದ್ದ ಗಾದಿ ಇನ್ನೂ ಬಂದಿಲ್ಲ, ಮಗಳಿಗೆ ಮಗುವೇ ಹುಟ್ಟಿತು ಎಂದ. ನಾನು ಗಾದಿಯವಳಲ್ಲ ಎಂದರೆ, ಹೆಸರು ಅದೇ ಇದೆಯಲ್ಲ ಎಂದು ಇನ್ನೂ ಜೋರು ಮಾಡಿದ. ನನಗೂ ಸಿಟ್ಟು ಬಂತು. ಅವನ ತೆಲುಗಿಗೆ ನನ್ನ ಸುರಪುರದ ಕನ್ನಡ ಏನೂ ಕಡಿಮೆ ಬೀಳಲಿಲ್ಲ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಎಲ್ಲರಿಗೂ ಗಾದಿಯೇ ಬೇಕು. ಮೊಸರು ತಿಂದ ಕೋತಿ ಓಡಿಹೋಗಿತ್ತು, ಬಾಯಿಗೆ ಒರೆಸಿಸಿಕೊಂಡು ಸಿಕ್ಕಿಬಿದ್ದ ಮೇಕೆ ನಾನು.

ಆಗ ಕೂತು ಹಳೆಯ ಪುಟಗಳನ್ನು ಕೊನೆಯವರೆಗೂ ನೋಡಿದೆ. ಗಾದಿ ಅಂಗಡಿ ಮುಚ್ಚಿದ ಮೇಲೆ ಆ ಹೆಸರು ಬೇರೆ ಯಾರದೋ ಕೈಗೆ ಹೋಗಿ, ಹಣ ಕಟ್ಟಿ ಇಸ್ಪೀಟು ಆಡುವ ಸೈಟಾಗಿತ್ತು. ಅಂಥ ಹೆಸರಿನ ಕೆಳಗೆ ಅತ್ತೆಯ ಕೌದಿ ತೂಗುಹಾಕಿದ್ದೆನಲ್ಲ. ಸೀರೆಯನ್ನಾದರೆ ಕುದಿಯುವ ನೀರಿಗೆ ಸೋಡಾ ಹಾಕಿ ಒಗೆಯಬಹುದು, ಹಿಂದಿನ ಮನೆಯ ಕೊಳೆ, ವಾಸನೆ ಎರಡೂ ಹೋಗುತ್ತವೆ. ಹೆಸರನ್ನು ಒಗೆಯುವ ಸೋಡಾ ಯಾದಗಿರಿಯಲ್ಲಿ ಸಿಗಲಿಲ್ಲ. ಅಲ್ಲಿಯ ವೆಬ್‌ಸೈಟ್ ಅಂಗಡಿಯವರು "ನಾನು ಮೊದಲೇ ಹೇಳಿದ್ದೆ" ಎನ್ನಲಿಲ್ಲ, ಅದು ಅವರ ದೊಡ್ಡತನ.

"ಬಿಟ್ಟುಬಿಡ್ರಿ ಅಕ್ಕಾರ, ಹೊಸಾದು ತಗೋರಿ. ನಿಮ್ಮದ ಅನ್ನೂ ಹೆಸರು ಇರಲಿ" ಎಂದರು.

ಅತ್ತೆಯ ತವರು ಮುದನಾಳ. ಹೆಂಗಸರನ್ನು ತವರೂರಿನಿಂದಲೇ ಗುರುತಿಸುವ ಓಣಿ ನಮ್ಮದು. ಅವರು ಎಲ್ಲರ ಬಾಯಲ್ಲೂ ಮುದನಾಳದಾಕಿ. ಹೊಸ ಡೊಮೇನಿಗೆ ಆ ತವರೂರಿನ ಹೆಸರು, ಅದರ ಬೆನ್ನಿಗೆ ಕೌದಿ, ಇಷ್ಟೇ ಇಟ್ಟೆ. ಜಗತ್ತಿನಲ್ಲಿ ಅದನ್ನು ಯಾರೂ ಮೊದಲೇ ತೆಗೆದುಕೊಂಡಿರಲಿಲ್ಲ, ತೆಗೆದುಕೊಳ್ಳುವವರಾದರೂ ಯಾರು?

ಅಂಗಡಿಯವರು ಹೇಳಿದಂತೆಯೇ ಆಯಿತು. ಒಂದು ನೊಣವೂ ಬರಲಿಲ್ಲ. ಜನ ಏನೆಂದು ಹುಡುಕುತ್ತಾರೋ ಅದಕ್ಕೆ ಉತ್ತರ ಬರೆಯುತ್ತ ಹೋಗಿ ಎಂದಿದ್ದರು. ಹಾಗಾಗಿ ಕಚೇರಿಯಿಂದ ಬಂದು ಚಹಾ ಕುಡಿದ ಮೇಲೆ ಅತ್ತೆ ಹೇಳುವುದು, ನಾನು ಟೈಪ್ ಮಾಡುವುದು ಶುರುವಾಯಿತು. ಹಳೆಯ ಸೀರೆಯಿಂದ ಏನು ಮಾಡಬಹುದು, ಎಂಥ ಸೀರೆ ಕೌದಿಗೆ ಬರುತ್ತದೆ, ಎಂಥದು ಜಾರುತ್ತದೆ, ಕೂಸಿನ ಕೌದಿಗೆ ಯಾವ ಬಟ್ಟೆ ಮೆತ್ತಗೆ. ಒಂದು ಮಾತು ಕೇಳಿದರೆ ಅತ್ತೆ ಅದರ ಹಿಂದಿನ ಸೀರೆ, ಸೀರೆಯ ಒಡತಿ, ಒಡತಿಯ ಜಗಳ ಎಲ್ಲವನ್ನೂ ಹೇಳುತ್ತಿದ್ದರು. ಅರ್ಧಕ್ಕರ್ಧ ಬರೆಯುವಂತಿರಲಿಲ್ಲ. ನಗುತ್ತ ನಗುತ್ತ ಕತ್ತಲಾಗಿ, ಒಲೆ ಹಚ್ಚುವುದು ತಡವಾಗುತ್ತಿತ್ತು. ಆ ಸಂಜೆಗಳಲ್ಲಿ ನಾನು ಸುಖವಾಗಿದ್ದೆ. ಆದರೂ ಏಳುವಾಗ ಅವರು ದಿನವೂ ಅದನ್ನೇ ಕೇಳುತ್ತಿದ್ದರು.

"ಯಾರರ ಗಂಟು ಕಳಸ್ತೀನಿ ಅಂದ್ರೇನವಾ?"

"ಇನ್ನೂ ಇಲ್ರೀ ಅತ್ತಿ" ಎನ್ನುವುದು ದಿನದಿನಕ್ಕೆ ಕಷ್ಟವಾಗುತ್ತಿತ್ತು.

ಮಳೆಗಾಲ ಹೋಗಿ ಚಳಿ ಶುರುವಾಗುವಾಗ ಬೆಳಗಾವಿ ಕಡೆಯ ಹೆಣ್ಣುಮಗಳೊಬ್ಬಳ ಸಂದೇಶ ಬಂತು. ತಾಯಿಯ ಸೀರೆಗಳಿವೆ, ಉಡಲಾರೆ, ಯಾರಿಗೂ ಕೊಡಲಾರೆ, ಏನು ಮಾಡಲಿ ಎಂದು ಹುಡುಕುವಾಗ ನಿಮ್ಮ ಪುಟ ಸಿಕ್ಕಿತು, ಕಳಿಸಲೇ ಎಂದು ಬರೆದಿದ್ದಳು. ಓದಿ ಹೇಳಿದೆ. ಅತ್ತೆ ಎದ್ದು ಪಡಸಾಲೆ ಗುಡಿಸಿದರು. ನಾನು ಅಂದು ಬೆಳಿಗ್ಗೆಯಷ್ಟೇ ಗುಡಿಸಿದ್ದೆ.

ಪಾರ್ಸೆಲ್ ಬಂತು. ಅತ್ತೆ ಗಂಟು ಬಿಚ್ಚಿ ಒಂದೊಂದೇ ಸೀರೆ ತೆಗೆದು, ಸೆರಗು ಹಿಡಿದು ನೋಡಿ, "ಭಾಳ ದುಡದ ಹೆಣ್ಮಗಳಿದ್ದಾಳ" ಎಂದರು. ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅಂದು ಅಡುಗೆ ಆಗುತ್ತಿರಲಿಲ್ಲ.

ಆ ಕೌದಿ ಇನ್ನೂ ಅರ್ಧವಾಗಿರುವಾಗಲೇ ಇನ್ನೊಂದು ಸಂದೇಶ ಬಂತು. ಮೊಮ್ಮಗುವಿಗೆ ಒಂದು ಕೌದಿ ಬೇಕು, ಬಟ್ಟೆ ನಾಳೆಯೇ ಕಳಿಸುತ್ತೇವೆ ಎಂದಿತ್ತು. ನಾನು ಓಡಿಬಂದು ಓದಿದೆ. ಅತ್ತೆ ಕತ್ತೆತ್ತಲಿಲ್ಲ. ಸೂಜಿ ಸೀರೆಯ ಮೇಲೆ ನಡೆಯುತ್ತಲೇ ಇತ್ತು.

"ಈಗ ಕೈಯಾಗ ಕೆಲಸ ಐತಿ, ಜರಾ ಕಾಯಬೇಕು ಅಂತ ಬರಿ."

ಹಾಗೆಯೇ ಬರೆದೆ. ಕಳಿಸುವ ಮೊದಲು, "ಏನಂತ ಬರದಿ, ಓದು" ಎಂದರು. ಓದಿದೆ. ಆ ಸಾಲು ಮುಗಿಸಿ, ದಾರ ಕಚ್ಚಿ, ಇನ್ನೊಮ್ಮೆ ಓದು ಎಂದರು.