ಶಾರ್ಕ್ ಸುದ್ದಿಯ ಕೊನೆಯ ಪ್ಯಾರಾ

ಚಿಕ್ಕೋಡಿಯ ಸಣ್ಣ ದಿನಪತ್ರಿಕೆಯೊಂದರಲ್ಲಿ ಪುಟ ಕಟ್ಟುವುದು ನನ್ನ ಕೆಲಸ. ಜಾಗ ಸಾಲದಿದ್ದರೆ ಸುದ್ದಿಯನ್ನು ಬಾಲದಿಂದ ಕತ್ತರಿಸುತ್ತೇವೆ; ಮುಖ್ಯವಾದದ್ದು ಮೇಲೆಯೇ ಇರುತ್ತದೆ ಎಂಬ ನಂಬಿಕೆ. ಯಾವುದೋ ದೇಶದ ಸಮುದ್ರದಲ್ಲಿ ಮುಳುಗುಗಾರನೊಬ್ಬನ ಕಾಲನ್ನು ಶಾರ್ಕ್ ಕಚ್ಚಿದ ಸುದ್ದಿಗೂ ಹಾಗೆಯೇ ಮಾಡಿದೆ. ಒಂದೇ ಪ್ಯಾರಾ ತೆಗೆದದ್ದು.

ಆ ಸುದ್ದಿಯನ್ನು ಶೇಡಬಾಳದಲ್ಲಿ ನನ್ನ ಅಕ್ಕನ ಗಂಡ ಕತ್ತರಿಸಿ ಇಟ್ಟುಕೊಂಡರು. ಅವರ ಮಗಳಿಗೆ ಕಾರವಾರದ ಕಡೆಯ ಕೇಂದ್ರವೊಂದರಿಂದ ಡೈವಿಂಗ್ ತರಬೇತಿಗೆ ಕರೆ ಬಂದಿತ್ತು. ಕಲಿತರೆ ಅಲ್ಲಿಯೇ ಕೆಲಸ. ನಮ್ಮದು ಜೈನ ಮನೆತನ. ಅಕ್ಕ ಕೇಳಿದ್ದು ಒಂದೇ: "ಮೀನ ಕೊಲ್ಲೂ ಕೆಲಸ ಅಲ್ಲಲ್ಲ?" ಅಲ್ಲ, ಬರೀ ನೋಡುವುದು ಎಂದ ಮೇಲೆ ಅವಳು ಒಪ್ಪಿದಳು. ಉಳಿದದ್ದು ಭಾವನ ಒಪ್ಪಿಗೆ.

ಭಾನುವಾರ ಆ ಹುಡುಗಿ, ನನ್ನ ಸೋದರಸೊಸೆಯೊಂದಿಗೆ ಹೊಳೆದಂಡೆಗೆ ಹೋದೆ. ಭಾವ ಎದೆಮಟ್ಟ ನೀರಿನಲ್ಲಿ ನಿಂತು ಪಂಪಿನ ಪೈಪಿನ ಬಾಯಿಗೆ ಸಿಕ್ಕ ಕಸ ಬಿಡಿಸುತ್ತಿದ್ದರು. ಆಚೆ ದಡದ ಮರಳಿನ ಮೇಲೆ ಮೊಸಳೆಯೊಂದು ಬಿಸಿಲಿಗೆ ಮಲಗಿತ್ತು.

"ಅಪ್ಪಾ, ಅಲ್ಲಿ ಮೊಸಳಿ ಮಲಗೇತಿ, ನೀ ಇಲ್ಲಿ ಇಳದೀ. ನಾ ಸಮುದ್ರಕ್ಕ ಇಳೀಬಾರದು?" ಎಂದಳು.

"ಅದು ನಮ್ಮ ಹೊಳೀ ಮೊಸಳಿ. ಅದರ ಗುಣ ನನಗ ಗೊತ್ತೈತಿ."

"ಶಾರ್ಕಿಂದೂ ಗೊತ್ತಿದ್ದವ್ರು ಅದಾರ. ಒಂದ್ ಸುತ್ತ ಹೊಡದು ನೋಡಿ ಹೋಗ್ತಾವಂತ. ಉಸಿರಿನ ಗುಳ್ಳಿ ಸಪ್ಪಳಕ್ಕ ದೂರ ಸರೀತಾವಂತ. ನಾವು ಗಾಬರಿಯಾಗಿ ಕೈಕಾಲ ಬಡೀಬಾರದು, ಅಷ್ಟ."

"ಎಮ್ಮಿ ಬಂದ್ರ ಗ್ವಾಡಿ ಏರ್ತಿ ನೀ!" ಭಾವ ನಕ್ಕರು. ಆಮೇಲೆ ನನ್ನತ್ತ ತಿರುಗಿದರು. "ತಮ್ಮಾ, ನೀ ಪೇಪರಿನಾಂವ. ಖರೇ ಹೇಳು. ಜೀವಕ್ಕ ಧೋಕಾ ಇಲ್ಲೇನು?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲವೇ ಇಲ್ಲ ಅಂತ ಹೇಳಾಕ ಬರೂದಿಲ್ರಿ ಭಾವಾ" ಎಂದೆ.

"ಮುಗೀತು ಬಿಡು." ಅವರು ಮತ್ತೆ ಪೈಪಿನ ಕಡೆ ಬಾಗಿದರು.

ತೆಗೆದ ಪ್ಯಾರಾದಲ್ಲಿ ಏನಿತ್ತೆಂಬುದು ನನಗೆ ನೆನಪಿತ್ತು. ಆ ಮುಳುಗುಗಾರ ಈಟಿಯಿಂದ ಮೀನು ಹೊಡೆದು, ರಕ್ತ ಸೋರುವ ಮೀನುಗಳನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ. ಸುಮ್ಮನೆ ನೋಡಲು ಇಳಿದವರನ್ನು ಶಾರ್ಕ್ ಕಚ್ಚುವುದು ತೀರ ಅಪರೂಪ ಎಂದೂ ಅದರಲ್ಲಿತ್ತು. ದಂಡೆಯ ಮೇಲೆಯೇ ಹೇಳಬಹುದಿತ್ತು. ಮೂಲ ಪ್ರತಿ ನೋಡದೆ ಮಾತಾಡಬಾರದು ಎಂದುಕೊಂಡೆ. ಆ ವಾರ ಕಚೇರಿಯಲ್ಲಿ ಕೆಲಸ ಹೆಚ್ಚಿತ್ತು, ನೋಡಿದ್ದು ಶನಿವಾರ.

ಮರುದಿನ ಆ ಪ್ಯಾರಾ ಮುದ್ರಿಸಿದ ಹಾಳೆ ಹಿಡಿದು ಹೋದೆ. ಭಾವ ಎರಡು ಸಲ ಓದಿದರು.

"ಇದನ್ನ ಮೊದಲ ಯಾಕ ಹಾಕಲಿಲ್ಲೋ?"

"ಜಾಗ ಇರಲಿಲ್ರಿ."

ಮಗಳು ಬರುವುದಿಲ್ಲ ಎಂದು ಅವರು ಬುಧವಾರವೇ ಕೇಂದ್ರಕ್ಕೆ ಹೇಳಿಬಿಟ್ಟಿದ್ದರು. ನನ್ನೆದುರೇ ಮತ್ತೆ ಫೋನ್ ಮಾಡಿದರು. ಅವಳ ಬದಲು ಬೇರೆಯವರು ಸೇರಿಯಾಗಿತ್ತು. ಭಾವ ಫೋನನ್ನು ಕಿಸೆಗೆ ಹಾಕಿಕೊಂಡು ಎದ್ದು ಹೊರಗೆ ಹೋದರು.

ಸೊಸೆ ಚಹಾ ತಂದಿಟ್ಟು ಹಾಳೆಯನ್ನು ನಿಂತೇ ಓದಿದಳು.

"ಇದು ನನಗ ಗೊತ್ತಿದ್ದದ್ದ ಮಾಮಾ. ಅವತ್ತ ಹೊಳೀದಂಡಿ ಮ್ಯಾಲ ನೀವು ಹೇಳಬೇಕಾಗಿತ್ತು."

ಆಮೇಲೆ ಸಕ್ಕರೆ ಸಾಕೇನ್ರಿ ಎಂದು ಕೇಳಿದಳು.