ಅಜ್ಜಿಯ ಹೂಂ ನಿಂತ ಪುಟ

ಮಗಳ ಹೊಸ ಕಾಮಿಕ್ಸ್ ತೆರೆದಾಗ ಬಂದ ಮಸಿಯ ವಾಸನೆ ನನ್ನನ್ನು ಮದಕರಿಪುರದ ನಮ್ಮ ಜಗಲಿಗೆ ಕರೆದೊಯ್ದಿತು.

ಓದು ಬಾರದ ಅಜ್ಜಿ ಉಣ್ಣೆ ನೂಲುತ್ತಿದ್ದಳು. ನಾನು ಹಾರುವ ವೀರನ ಹೊಸ ಸಂಚಿಕೆ ಓದಿ ಹೇಳುತ್ತಿದ್ದೆ. ಕಥೆ ಕೇಳುವವರು ಹೂಂಗುಟ್ಟಬೇಕು, ಹೂಂ ನಿಂತರೆ ಕಥೆ ಸತ್ತಂತೆ ಎಂಬುದು ಅವಳ ಕಟ್ಟಳೆ.

ರಾಕ್ಷಸ ವೀರನ ಕತ್ತು ಹಿಡಿದ. "ಹೂಂ" ಎಂದಳು. ಪುಟ ತಿರುವಿದರೆ ವೀರ ಹಾಸಿಗೆಯಿಂದ ಎದ್ದು ಕುಳಿತಿದ್ದ. ಎಲ್ಲವೂ ಕನಸಂತೆ! ತಿಂಗಳಿಡೀ ಕಾದಿದ್ದ ನನಗೆ ಅಳುವೇ ಬಂತು. ಅಜ್ಜಿ ಹೂಂಗುಟ್ಟಲಿಲ್ಲ.

"ಇದೇನವ್ವಾ, ಕುರಿ ಕಾಯೋನೇ ಮಲಗಿದ್ರೆ ತೋಳ ಸುಮ್ಕಿರ್ತೈತಾ?"

"ತಡಿ ಅಜ್ಜಿ, ಇನ್ನೊಂದು ಪುಟ ಐತೆ" ಎಂದೆ. ಹಿಂದಿನ ರಟ್ಟಿನ ಬಿಸ್ಕತ್ತಿನ ಜಾಹೀರಾತನ್ನೇ ಕಥೆ ಓದುವವಳಂತೆ ನೋಡುತ್ತಾ ವೀರನನ್ನು ಮತ್ತೆ ಕಾದಾಟಕ್ಕಿಳಿಸಿ ಗೆಲ್ಲಿಸಿದೆ.

"ಹೂಂ! ಈಗ ಬರೆದೋನಿಗೆ ಬುದ್ಧಿ ಬಂತು ನೋಡು" ಎಂದಳು ಅಜ್ಜಿ.

ಆ ಪುಟ ಬರೆದವಳು ಯಾರೆಂದು ಇವತ್ತು ಮಗಳಿಗೆ ಹೇಳಿದೆ.