ಗೌಜಲ ಹಕ್ಕಿ ದೂರ ಅಳೆದದ್ದು

ಅಮಲ್ದಾರರ ಕೆಮ್ಮಿನಿಂದ ಹಿಡಿದು ಅತ್ತೆಯ ಬೈಗುಳದವರೆಗೆ ನಾನು ಅಣಕಿಸದ ದನಿ ಇರಲಿಲ್ಲ. ನನ್ನ ಸ್ವಂತ ದನಿ ಕತ್ತೆಯದು. ಅದಕ್ಕೆ ಅಭ್ಯಾಸ ಬೇಕಿರಲಿಲ್ಲ. ಹರಿಯಬ್ಬೆಯಲ್ಲಿ ಕುರಿ ಕಾಯುತ್ತಿದ್ದ ಸೋದರಮಾವ ಮರಿಯಿಂದ ಸಾಕಿದ್ದ ಗಂಡು ಗೌಜಲ ಹಕ್ಕಿ ಒಂದು ಬೆಳಿಗ್ಗೆ ಗೂಡಿನಿಂದ ತಪ್ಪಿಸಿಕೊಂಡು ಜಾಲಿ ಪೊದೆಗಳ ಕಡೆ ಓಡಿತು. ಕರೆದರೂ ಬರಲಿಲ್ಲ. ಮಾವ ಮುದ್ದೆ ಮುಟ್ಟದೆ ನನ್ನ ಹತ್ತಿರ ಬಂದ.

“ಲೇ ಅಳಿಯ, ಊರೋರನ್ನೆಲ್ಲ ಅಣಕಿಸ್ತೀಯಲ್ಲ, ನನ್ನ ಹಕ್ಕೀನ ಕರಿ ನೋಡಾಣ.”

ನಾನು ಬದುವಿನ ಮೇಲೆ ನಿಂತು ಗಂಟಲು ಹರಿಯುವಂತೆ, ಜಗಳಕ್ಕೆ ಕರೆಯುವ ಗಂಡು ಗೌಜಲನ ಕೂಗು ಕೂಗಿದೆ. ದೂರದ ಪೊದೆಯಿಂದ ಅದು ಒಮ್ಮೆ ಉತ್ತರ ಕೊಟ್ಟು ಸುಮ್ಮನಾಯಿತು.

“ನೀನು ದೂರದಾಗಿದೀಯ ಅಂತ ಅದಕ್ಕೆ ಗೊತ್ತಾಗೈತೆ. ದೂರದ ಗಂಡಿನ ಜತೆ ಯಾವ ಗೌಜಲ ಜಗಳಕ್ಕೆ ಬರುತ್ತೆ?” ಎಂದ ಮಾವ.

ಎಷ್ಟು ಜೋರಾಗಿ ಕೂಗಿದರೂ ಪೊದೆಗಳನ್ನು ದಾಟುವಷ್ಟರಲ್ಲಿ ದನಿಯ ಅಂಚು ಸವೆದು ಮಸುಕಾಗುತ್ತಿತ್ತು. ಹಕ್ಕಿ ಆ ಮಸುಕಿನಿಂದಲೇ ದೂರ ಅಳೆಯುತ್ತಿತ್ತು. ನಾನು ತೆವಳಿಕೊಂಡು ಹತ್ತಿರ ಹೋಗಿ ಮೆಲ್ಲಗೆ ಕೂಗಿದೆ. ಗರಿ ಕೆದರಿಕೊಂಡು ಓಡಿಬಂದ ಗೌಜಲ ನನ್ನ ಮೂಗನ್ನೇ ಕುಕ್ಕಿತು. ಮಾವ ಕಂಬಳಿ ಎಸೆದು ಹಿಡಿದ.

“ಪೆಟ್ಟಾಯ್ತೇನಪ್ಪ?” ಎಂದು ಅವನು ಕೇಳಿದ್ದು ಹಕ್ಕಿಯನ್ನು. ನನ್ನ ಮೂಗಿನಲ್ಲಿ ರಕ್ತ ಒಸರುತ್ತಿದ್ದರೆ, ಮಾವ ಅದರ ಎದೆ ನೇವರಿಸುತ್ತ ಕಣ್ಣೊರೆಸಿಕೊಳ್ಳುತ್ತಿದ್ದ.

ಈಗ ದುರ್ಗದ ಪೇಟೆಯಲ್ಲಿ ನನ್ನ ಅಣಕಕ್ಕೆ ಎಲ್ಲರೂ ನಗುತ್ತಾರೆ. ಅಷ್ಟು ನಂಬಿ ಓಡಿಬರುವವರು ಮಾತ್ರ ಇಲ್ಲಿ ಯಾರೂ ಸಿಕ್ಕಿಲ್ಲ.